ಆಷಾಢದಲ್ಲಿ ಮೆತ್ತಗಾದ ಬ್ಯಾಂಜೋ

ಪೆಟ್ಟಿಗೆ ತೆರೆದು ಹೆಬ್ಬೆರಳಿನಿಂದ ಒತ್ತಿದೆ. ಚರ್ಮ ಒಳಗೆ ಹೋಯಿತು, ಹಿಂದೆ ಬರಲು ತಡ ಮಾಡಿತು. ಏಪ್ರಿಲ್‌ನಲ್ಲಿ ಇದೇ ಚರ್ಮಕ್ಕೆ ಉಗುರು ತಾಗಿದರೆ ಠಣ್ ಎನ್ನುತ್ತಿತ್ತು. ಈಗ ಆಷಾಢದ ಕೊನೆ. ಶಿರಸಿಯಲ್ಲಿ ಹನ್ನೊಂದು ದಿನದಿಂದ ಬಿಸಿಲಿಲ್ಲ, ಗೋಡೆಗೆ ತೂಗುಹಾಕಿದ ತೇವಾಂಶದ ಮೀಟರ್ 92 ತೋರಿಸುತ್ತಿತ್ತು. ಬ್ಯಾಂಜೋ ಮಾಡಿಸಿದ ಹುಡುಗ ಆಗಲೇ ಕಾರವಾರದಿಂದ ಬೆಳಗಿನ ಬಸ್ಸು ಹತ್ತಿಯಾಗಿತ್ತು.

ಚಹಾ ತಂದ ಆಯಿ ಬಾಗಿಲಲ್ಲೇ ನಿಂತು ನನ್ನ ಮುಖ ನೋಡಿದಳು. "ತಮಾ, ಈ ಮಳೆಗೆ ಡಬ್ಬಿಯೊಳಗಿದ್ದ ಹಪ್ಪಳವೇ ಮೆತ್ತಗಾಜು. ಚರ್ಮ ಆಗ್ತಿಲ್ಯ?" ಅಂದಳು.

ಚರ್ಮ ಮೆತ್ತಗಾದರೆ ಬ್ಯಾಂಜೋದಲ್ಲಿ ಎಲ್ಲವೂ ಕೆಡುತ್ತದೆ. ಗಿಟಾರಿನಲ್ಲಿ ಕುದುರೆಯನ್ನು, ಅಂದರೆ ತಂತಿಗಳನ್ನು ಹೊರುವ ಮರದ ತುಂಡನ್ನು, ಹಲಗೆಗೆ ಅಂಟಿಸಿರುತ್ತೇವೆ. ಆರು ಉಕ್ಕಿನ ತಂತಿಗಳು ಸೇರಿ 70 ಕಿಲೋಗೂ ಮಿಕ್ಕಿ ಎಳೆದರೂ ಒಳಗಿನ ಪಟ್ಟಿಗಳು ಆ ಭಾರ ಹೊರುತ್ತವೆ. ಬ್ಯಾಂಜೋದ ಕುದುರೆಗೆ ಅಂಟೇ ಇಲ್ಲ. ಚರ್ಮದ ಮೇಲೆ ಸುಮ್ಮನೆ ನಿಂತಿರುತ್ತದೆ, ತಂತಿಗಳ ಒತ್ತಡವೇ ಅದನ್ನು ಹಿಡಿದಿಡುತ್ತದೆ. ಚರ್ಮ ಕುಸಿದರೆ ಕುದುರೆಯೂ ಕುಸಿಯುತ್ತದೆ, ತಂತಿ ಇಳಿದು ದಂಡಿಯ ಮೆಟ್ಟಿಲುಗಳಿಗೆ, ಅಂದರೆ ಸ್ವರಕ್ಕಾಗಿ ಅಡ್ಡಕ್ಕೆ ಕೂರಿಸಿದ ಲೋಹದ ಪಟ್ಟಿಗಳಿಗೆ, ತಾಗಿ ಜರ್ ಎನ್ನುತ್ತದೆ. ಸ್ವರಕ್ಕೆ ಇರಬೇಕಾದ ಸಿಡಿತ ಹೋಗಿ ಒದ್ದೆ ಬಟ್ಟೆ ಬಡಿದ ಸದ್ದು ಉಳಿಯುತ್ತದೆ.

ಹಿಂದಿನ ನವೆಂಬರಿನಲ್ಲಿ ಅವನು ಮೊದಲ ಸಲ ಫೋನು ಮಾಡಿದಾಗ "ನಾನು ಗಿಟಾರ್ ಮಾಡುವವನು, ಬ್ಯಾಂಜೋ ಮಾಡುವುದಿಲ್ಲ" ಎಂದಿದ್ದೆ. ಕಾರವಾರದ ಕಡೆ ಬ್ಯಾಂಜೋ ಎಂದರೆ ಗಣಪತಿ ಮೆರವಣಿಗೆಯಲ್ಲಿ ಬಾರಿಸುವ, ಟೈಪ್‌ರೈಟರಿನ ಹಾಗೆ ಗುಂಡಿಗಳಿರುವ ಪೆಟ್ಟಿಗೆ. ಅದರ ಮೂಲ ಜಪಾನಿನಲ್ಲಿ 1912ರಲ್ಲಿ ಹುಟ್ಟಿದ ತೈಶೋಗೋತೋ. ನಮ್ಮಲ್ಲಿಗೆ ಬಂದು ಬುಲ್‌ಬುಲ್ ತರಂಗ್ ಆಯಿತು, ಬ್ಯಾಂಜೋ ಎಂಬ ಹೆಸರೂ ಅಂಟಿಕೊಂಡಿತು. ಅವನು ಕೇಳಿದ್ದು ಅದನ್ನಲ್ಲ.

"ಆ ಬ್ಯಾಂಜೋ ಅಲ್ಲ ಅಣ್ಣ. ಐದು ತಂತೀದು. ಆಫ್ರಿಕಾದವರದ್ದು."

ಯಲ್ಲಾಪುರದ ಆಚೆಯ ಸಿದ್ದಿ ಕೇರಿಯ ಹುಡುಗ, ಕಾರವಾರದಲ್ಲಿ ಕೆಲಸ. ಬ್ಯಾಂಜೋವನ್ನು ಅಮೆರಿಕಕ್ಕೆ ಒಯ್ದವರು ಗುಲಾಮರಾಗಿ ಹಡಗು ಹತ್ತಿಸಲ್ಪಟ್ಟ ಆಫ್ರಿಕನ್ನರು, ಮೊದಲು ಅದು ಸೋರೆ ಬುರುಡೆಗೆ ಚರ್ಮ ಬಿಗಿದ ವಾದ್ಯವಾಗಿತ್ತು ಎಂಬುದನ್ನು ಓದಿ ತಿಳಿದುಕೊಂಡಿದ್ದ. ಇವನ ಹಿರಿಯರೂ ಹಾಗೆಯೇ ಬಂದವರು. ಪೋರ್ಚುಗೀಸರು ಪೂರ್ವ ಆಫ್ರಿಕಾದಿಂದ ಗೋವೆಗೆ ತಂದವರಲ್ಲಿ ಎಷ್ಟೋ ಜನ ತಪ್ಪಿಸಿಕೊಂಡು ನಮ್ಮ ಯಲ್ಲಾಪುರ, ಹಳಿಯಾಳ, ಅಂಕೋಲೆಯ ಕಾಡು ಸೇರಿದರು. ಆದರೆ ಬ್ಯಾಂಜೋದ ಬೇರು ಇರುವುದು ಪಶ್ಚಿಮ ಆಫ್ರಿಕಾದಲ್ಲಿ. ಅದನ್ನು ಹೇಳದೆ ಮುಂಗಡ ತೆಗೆದುಕೊಳ್ಳುವುದು ಸರಿಯಲ್ಲ ಅನ್ನಿಸಿ ಹೇಳಿದೆ.

"ಗೊತ್ತು ಅಣ್ಣ. ದಾರಿ ಬೇರೆ. ಹಡಗು ಹತ್ತಿಸಿದ್ದು ಒಂದೇ ಥರ" ಅಂದ. ಆಮೇಲೆ ಒಂದೇ ಒಂದು ಷರತ್ತು ಹಾಕಿದ. ಪ್ಲಾಸ್ಟಿಕ್ ಬೇಡ, ಚರ್ಮವೇ ಆಗಬೇಕು. ಅವನ ಅಜ್ಜ ಡಮಾಮಿ, ಅಂದರೆ ಎರಡೂ ಬದಿಗೆ ಚರ್ಮವಿರುವ ಸಿದ್ದಿಗಳ ಡೋಲು, ಬಾರಿಸುವವರು, ಪ್ಲಾಸ್ಟಿಕ್ ಹಾಕಿದ್ದನ್ನು ಅವರ ಮುಂದೆ ಹಿಡಿಯಲಾರೆ ಎಂದ. 1950ರ ದಶಕದ ಕೊನೆಯಿಂದ ಬ್ಯಾಂಜೋಗಳಿಗೆ ಪ್ಲಾಸ್ಟಿಕ್ ಹಾಳೆ ಬಂದದ್ದೇ ಈ ಹವೆಯ ಕಾಟ ತಪ್ಪಿಸಲಿಕ್ಕೆ. ಅದು ಗೊತ್ತಿದ್ದೂ ನಾನು ಒಪ್ಪಿದೆ. ಷರತ್ತು ನನಗೂ ಇಷ್ಟವಾಗಿತ್ತು.

ಮರದ ಕೆಲಸಕ್ಕೆ ನಾನು ಹೆದರಲಿಲ್ಲ. ಚರ್ಮ ಬಿಗಿಯುವ ಮರದ ಬಳೆಗೆ ಹಲಸು ಆರಿಸಿದೆ. ನಮ್ಮ ಮದ್ದಳೆ, ಚಂಡೆಗಳ ಮರ ಅದು. ಫಿಲಿಪ್ಪೀನ್ಸಿನ ಸೆಬುವಿನಲ್ಲಿ ಗಿಟಾರನ್ನೂ ಹಲಸಿನಲ್ಲಿ ಮಾಡುತ್ತಾರೆ. ಒಂದು ಸುತ್ತಿಗೆ ಹನ್ನೆರಡು ತುಂಡು, ಪ್ರತಿ ತುದಿಯಲ್ಲಿ 15 ಡಿಗ್ರಿ ಓರೆ. ಹೀಗೆ ಮೂರು ಸುತ್ತು, ಗೋಡೆಗೆ ಇಟ್ಟಿಗೆ ಕಟ್ಟುವಾಗ ಸಂದಿನ ಮೇಲೆ ಸಂದು ಬರದಂತೆ ಜೋಡಿಸುವ ಹಾಗೆ. ಒಟ್ಟು 36 ತುಂಡು, ಹೊರಗಿನ ಅಳತೆ 11 ಇಂಚು. ಕೀಸುವಾಗ ಕೊಟ್ಟಿಗೆ ತುಂಬ ಹಳದಿ ಪುಡಿ. ದಂಡಿಗೆ ಅಜ್ಜನ ಬೀಟೆ ಮಂಚದ ಉದ್ದಪಟ್ಟಿ ಬಳಸಿದೆ. ಎಪ್ಪತ್ತು ವರ್ಷ ಮನೆಯ ಮೆತ್ತಿನ ಮೇಲೆ ಒಣಗಿದ ಮರ ಯಾವ ಡಿಪೋದಲ್ಲೂ ಸಿಗುವುದಿಲ್ಲ. ಕುದುರೆಯಿಂದ ಬಿರಡೆಯ ಕಡೆಯ ಮೇರುವಿನವರೆಗೆ ತಂತಿಯ ಉದ್ದ 667 ಮಿಲಿಮೀಟರ್ ಇಟ್ಟುಕೊಂಡೆ. ಮೆಟ್ಟಿಲುಗಳ ಜಾಗ ಗುರುತಿಸಲು ಅದನ್ನು 17.817ರಿಂದ ಭಾಗಿಸಿದರೆ ಮೊದಲ ಮೆಟ್ಟಿಲು ಮೇರುವಿನಿಂದ 37.4 ಮಿಲಿಮೀಟರಿಗೆ ಬೀಳುತ್ತದೆ, ಉಳಿದದ್ದನ್ನು ಮತ್ತೆ ಅಷ್ಟರಿಂದಲೇ ಭಾಗಿಸುತ್ತ ಹೋಗಬೇಕು. ಗಿಟಾರಿನಲ್ಲಿ ನೂರಾರು ಸಲ ಮಾಡಿದ ಲೆಕ್ಕ. ಐದನೆಯ, ಗಿಡ್ಡ ತಂತಿಯ ಬಿರಡೆ ಮಾತ್ರ ಐದನೇ ಮೆಟ್ಟಿಲಿನ ಪಕ್ಕದಲ್ಲಿ ಕೂರಬೇಕು, ಅದೊಂದೇ ಹೊಸದು.

ಚರ್ಮದ ಮುಂದೆ ಮಾತ್ರ ನನಗೆ ಏನೂ ಬರುತ್ತಿರಲಿಲ್ಲ. ಮೊದಲನೆಯ ಆಡಿನ ಚರ್ಮವನ್ನು ನೀರಲ್ಲಿ ನೆನೆಸಿ, ಬಳೆಗೆ ಹೊದಿಸಿ, 24 ಕೊಕ್ಕೆಗಳಿಂದ ಎಳೆದು ಅಂಗಳದ ಬಿಸಿಲಿಗೆ ಇಟ್ಟೆ. ಬೇಗ ಒಣಗಲಿ ಎಂಬ ಆಸೆ. ಸಂಜೆ ನೋಡಿದರೆ ಚೆನ್ನಾಗಿ ಬಿಗಿದಿತ್ತು. ರಾತ್ರಿ ಊಟಕ್ಕೆ ಕೂತಾಗ ಕೊಟ್ಟಿಗೆಯಿಂದ ಪಟಾಕಿ ಸಿಡಿದ ಸದ್ದು. ಅಂಚಿನಿಂದ ನಡುವಿನ ತನಕ ಸೀಳಿತ್ತು. ಎರಡನೆಯದು ಸೀಳಲಿಲ್ಲ, ಆದರೆ ಒಂದು ಬದಿಗೆ ಎಳೆತ ಹೆಚ್ಚಾಗಿ ಸ್ವರವೇ ನಿಲ್ಲಲಿಲ್ಲ. ಮೂರನೆಯದನ್ನು ಕೈಯಲ್ಲಿ ಹಿಡಿದುಕೊಂಡೇ ಹೊನ್ನಾವರದ ಕಡೆ ಮದ್ದಳೆ ಮಾಡುವ ಹಿರಿಯರೊಬ್ಬರ ಮನೆಗೆ ಹೋದೆ.

ಅವರು ಬ್ಯಾಂಜೋವನ್ನು ಮಗುಚಿ, ಒಳಗೆ ಇಣುಕಿ, "ದಂಡಿ ಹಚ್ಚಿದ ಮದ್ದಳೆ ಅಲ್ಲವೋ ಇದು" ಎಂದರು. ಗಿಟಾರಿನ ತಮ್ಮ ಎಂದುಕೊಂಡೇ ಐದು ತಿಂಗಳು ಕೆಲಸ ಮಾಡಿದ್ದೆ. ಅವರ ಒಂದು ಮಾತಿನಿಂದ ಕೈಯಲ್ಲಿದ್ದ ವಸ್ತುವೇ ಬೇರೆಯಾಗಿ ಕಂಡಿತು. ಚರ್ಮವನ್ನು ನೆರಳಲ್ಲೇ ಒಣಗಿಸಬೇಕು, ಒದ್ದೆ ಇರುವಾಗ ಕೈಯಲ್ಲಿ ಎಳೆದಷ್ಟೇ ಸಾಕು, ಎರಡು ದಿನ ಅದರ ಪಾಡಿಗೆ ಬಿಟ್ಟು ಆಮೇಲೆ ಎದುರು ಬದುರು ಕೊಕ್ಕೆಗಳನ್ನು ಸ್ವಲ್ಪ ಸ್ವಲ್ಪವೇ ಬಿಗಿಯಬೇಕು. ಬೆನ್ನೆಲುಬಿನ ಗೆರೆ ದಂಡಿಯ ಸಾಲಿನಲ್ಲೇ ಬರಲಿ ಎಂದೂ ಹೇಳಿ, ಚರ್ಮವನ್ನು ಬೆಳಕಿಗೆ ಹಿಡಿದು ಆ ಗೆರೆ ತೋರಿಸಿದರು. ದುಡ್ಡು ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ. ಮೂರನೆಯ ಚರ್ಮ ಕೂತಿತು.

ಆ ಚರ್ಮವೇ ಈಗ ನನ್ನ ಹೆಬ್ಬೆರಳ ಕೆಳಗೆ ಹಪ್ಪಳವಾಗಿತ್ತು.

ಕೊಕ್ಕೆ ಬಿಗಿಯುವ ಕೀಲಿ ಮೇಜಿನ ಮೇಲೇ ಇತ್ತು. 24 ನಟ್ಟುಗಳಿಗೆ ಅರ್ಧರ್ಧ ಸುತ್ತು ಕೊಟ್ಟರೆ ಹುಡುಗ ಬರುವಷ್ಟರಲ್ಲಿ ಠಣ್ ಎನ್ನುವಂತೆ ಮಾಡಬಹುದಿತ್ತು. ಅವನು ಖುಷಿಯಿಂದ ಒಯ್ಯುತ್ತಿದ್ದ. ಚಳಿಗಾಲ ಬಂದು ಒಣಗಾಳಿ ಬೀಸಿದಾಗ ಆಷಾಢದ ತೇವಕ್ಕೆ ಬಿಗಿದ ಚರ್ಮ ಕುಗ್ಗಿ, ಕುಗ್ಗಲು ಜಾಗವಿಲ್ಲದೆ, ಅವನ ಮನೆಯಲ್ಲಿ ಒಂದು ರಾತ್ರಿ ಸೀಳುತ್ತಿತ್ತು. ಕೀಲಿಯನ್ನು ಎರಡು ಸಲ ಕೈಗೆತ್ತಿಕೊಂಡು ಎರಡು ಸಲ ಕೆಳಗಿಟ್ಟೆ.

ಹನ್ನೊಂದೂವರೆಗೆ ಅವನು ಬಂದ. ದೇವಿಮನೆ ಘಟ್ಟದಲ್ಲಿ ಬಸ್ಸು ತಡವಾಗಿ, ಕೊನೆಯ ಎರಡು ಕಿಲೋಮೀಟರ್ ನಡೆದು, ಕೊಡೆ ಇದ್ದೂ ಮೊಣಕಾಲ ತನಕ ಒದ್ದೆ. ಕಾಲು ಒರೆಸಿಕೊಳ್ಳುವ ಮೊದಲೇ ಬ್ಯಾಂಜೋ ಕೇಳಿದ. ಇದ್ದದ್ದನ್ನು ಇದ್ದ ಹಾಗೆ ಹೇಳಿ ಕೊಟ್ಟೆ. ಬೆರಳ ತುದಿಯಿಂದ ನಡುವಿಗೆ ಒಮ್ಮೆ, ಅಂಚಿಗೆ ಒಮ್ಮೆ ತಟ್ಟಿದ. ಅವನ ಮುಖದಲ್ಲಿ ಬೇಸರ ಹುಡುಕಿದೆ, ಕಾಣಲಿಲ್ಲ.

"ಒಲೆ ಉರೀತಿದೆಯಾ ಅಣ್ಣ?"

ಮಳೆಗಾಲದಲ್ಲಿ ನಮ್ಮ ಬಚ್ಚಲ ಒಲೆ ಆರುವುದೇ ಇಲ್ಲ. ಆದರೆ ನನ್ನ ಜೀವ ಬಾಯಿಗೆ ಬಂತು. ದಂಡಿಯಲ್ಲಿ ಅಂಟು ಇದೆ, ಬಿಸಿಗೆ ಅಂಟು ಸಡಿಲಾಗುತ್ತದೆ. ತಡೆ ಎಂದು ತಂತಿ ಇಳಿಸಿ, ಕುದುರೆ ತೆಗೆದು, ಹಿಂದಿನ ನಟ್ಟು ಬಿಚ್ಚಿ ದಂಡಿಯನ್ನು ಬೇರೆ ಮಾಡಿದೆ. ಕೈಯಲ್ಲಿ ಉಳಿದದ್ದು ಹಲಸಿನ ಬಳೆ ಮತ್ತು ಚರ್ಮ. ಆ ಹಿರಿಯರು ಹೇಳಿದ ಮದ್ದಳೆ. ಬಳೆಯಲ್ಲೂ ಅಂಟು ಇದೆ, ಕೈ ತಡೆಯುವಷ್ಟು ಬಿಸಿ ಮಾತ್ರ ಎಂದು ಎಚ್ಚರಿಸಿದೆ.

ಅವನು ಒಲೆಯಿಂದ ಒಂದು ಮೊಳ ದೂರ ಕುಕ್ಕರಗಾಲಲ್ಲಿ ಕೂತು, ಬಳೆಯನ್ನು ಎರಡೂ ಅಂಗೈಯಲ್ಲಿ ಹಿಡಿದು, ನಿಲ್ಲಿಸದೆ ತಿರುಗಿಸುತ್ತಿದ್ದ. ನಡುನಡುವೆ ಕಿವಿಗೆ ಹತ್ತಿರ ತಂದು ತಟ್ಟುವುದು, ಮತ್ತೆ ಹಿಡಿಯುವುದು. ಹತ್ತು ನಿಮಿಷ ಆಗಿರಬೇಕು. ದಪ್ಪಗಿದ್ದ ಸದ್ದು ಸ್ವಲ್ಪ ಸ್ವಲ್ಪವಾಗಿ ಮೇಲೇರಿತು. ಅಡುಗೆಮನೆಯಲ್ಲಿದ್ದ ಆಯಿಯೂ ಕೇಳಿ ಬಂದು ನಿಂತಳು.

ಆಮೇಲೆ ಅವನು ಮಾಡಿದ್ದು ನನಗೆ ಪಾಠ. ಪ್ರತಿ ಕೊಕ್ಕೆಯ ಒಳಬದಿಗೆ ಎರಡು ಬೆರಳು ಬಿಟ್ಟು ತಟ್ಟುತ್ತ ಪೂರ್ತಿ ಒಂದು ಸುತ್ತು ಬಂದ. ನನಗೆ ಎಲ್ಲವೂ ಒಂದೇ ಎನ್ನಿಸಿತು. ಅವನು ಒಂದು ಕಡೆ ನಿಂತ. "ಇಲ್ಲಿ ಮೂರು ಇಳಿದಿವೆ." ಮತ್ತೊಮ್ಮೆ ತಟ್ಟಿ ಕೇಳಿಸಿದ. ಹೌದು, ಕೂದಲೆಳೆಯಷ್ಟು ಇಳಿದಿತ್ತು. ಆ ಮೂರು ನಟ್ಟುಗಳಿಗೆ ಮಾತ್ರ ಕಾಲು ಸುತ್ತು ಕೊಟ್ಟೆ, ಉಳಿದ 21 ಮುಟ್ಟಲಿಲ್ಲ. ಹನ್ನೆರಡು ವರ್ಷದಿಂದ ಗಿಟಾರಿನ ಹಲಗೆ ತಟ್ಟಿ ದಪ್ಪ ನೋಡುವ ನನ್ನ ಕಿವಿ ಮರಕ್ಕೆ ಪಳಗಿದ್ದು. ಚರ್ಮದ ಕಿವಿ ಅವನಿಗೆ ಅಜ್ಜನಿಂದ ಬಂದಿತ್ತು.

ದಂಡಿ ಹಚ್ಚಿ, ಹನ್ನೆರಡನೇ ಮೆಟ್ಟಿಲಿನಿಂದ 333 ಮಿಲಿಮೀಟರಿನ ಆಚೆ ಕುದುರೆ ನಿಲ್ಲಿಸಿ, ತಂತಿ ಏರಿಸಿದೆವು. ತಂತಿಗಳ ಶ್ರುತಿ ಡಿ, ಜಿ, ಬಿ, ಡಿ, ಹೆಬ್ಬೆರಳಿನ ಹತ್ತಿರ ಮೇಲಿನ ಜಿ. ಅವನು ಮೀಟಿದ. ಸ್ವರ ಹುಟ್ಟಿದ ಕ್ಷಣವೇ ಸಿಡಿದು ಮುಗಿಯುತ್ತಿತ್ತು, ಗಿಟಾರಿನ ಹಾಗೆ ಎಳೆದು ನಿಲ್ಲುತ್ತಿರಲಿಲ್ಲ. ಮುಗಿದುಹೋಗುವುದರಿಂದಲೇ ಮುಂದಿನದು ಬೇಕು ಅನ್ನಿಸುತ್ತದೆ. ಹೊರಗೆ ಹೆಂಚಿನ ಮೇಲೆ ಮಳೆ ಜೋರಾಗಿತ್ತು, ಒಳಗೆ ಇದು ಅದಕ್ಕೂ ಮೇಲೆ ಕೇಳುತ್ತಿತ್ತು. ಅರ್ಧ ಗಂಟೆಯಲ್ಲಿ ಚರ್ಮ ಮತ್ತೆ ಇಳಿಯತೊಡಗಿತು. "ಇಳೀಲಿ ಬಿಡಿ, ಮನೆಯಲ್ಲೂ ಒಲೆ ಇದೆ" ಎಂದ.

ಊಟ ಮಾಡಿಸಿ, ಕೀಲಿಯನ್ನೂ ಒಂದು ಹೆಚ್ಚುವರಿ ಚರ್ಮವನ್ನೂ ಪೆಟ್ಟಿಗೆಯಲ್ಲಿಟ್ಟು, ದೀಪಾವಳಿ ಕಳೆದ ಕೂಡಲೇ ಎಲ್ಲ ಕೊಕ್ಕೆಗಳನ್ನೂ ಕಾಲು ಸುತ್ತು ಸಡಿಲಿಸು, ಮರೆಯಬೇಡ ಎಂದು ಮೂರು ಸಲ ಹೇಳಿದೆ. ಪೆಟ್ಟಿಗೆಗೆ ಅಡಿಕೆ ಒಣಗಿಸುವಾಗ ಹೊದಿಸುವ ದಪ್ಪ ಪ್ಲಾಸ್ಟಿಕ್ ಸುತ್ತಿ ಯಲ್ಲಾಪುರದ ಬಸ್ಸಿಗೆ ಹತ್ತಿಸಿದೆ.

ರಾತ್ರಿ ಒಂಬತ್ತಕ್ಕೆ ಫೋನು ಬಂತು. ಅಜ್ಜ ಮೊದಲು ಚರ್ಮ ತಟ್ಟಿ ನೋಡಿದರಂತೆ, ಆಮೇಲೆ ಮಗುಚಿ, ಹಿಂದೆ ಖಾಲಿ ಇದ್ದದ್ದನ್ನು ನೋಡಿ, "ಈ ಬದಿಯ ಚರ್ಮ ಎಲ್ಲಿ?" ಎಂದರಂತೆ. ಹಿಂಬದಿ ತೆರೆದೇ ಇರುವ ಬ್ಯಾಂಜೋ ಇದು, ಹೊಟ್ಟೆಗೆ ಆನಿಸಿ ಹಿಡಿದರೆ ಸದ್ದು ಬೇಕಾದಷ್ಟು ತಗ್ಗಿಸಬಹುದು, ದೂರ ಹಿಡಿದರೆ ಬಿಡಬಹುದು ಎಂದು ನಾನು ವಿವರಿಸಿದೆ.

"ಹೇಳಿದೆ ಅಣ್ಣ. ಅಜ್ಜ ಒಪ್ತಾ ಇಲ್ಲ. ಮುಂದಿನ ಸಲ ನೀವೇ ಬಂದು ಹೇಳ್ಬೇಕಂತೆ."