ಸಿಇಟಿಗೆ ಕೊನೇ ದಿನ ಯಾವಾಗ ಅಂತ ಕೇಳುವವರಿಗೆ

ಡಿಸೆಂಬರ್ ಬಂತು ಅಂದರೆ ಶುರು. "ಮೇಡಂ, ಸಿಇಟಿ ಅರ್ಜಿಗೆ ಕೊನೇ ದಿನ ಯಾವಾಗ?" ಸಿಇಟಿ ಅಂದರೆ ಎಂಜಿನಿಯರಿಂಗ್ ಮುಂತಾದ ಸೀಟುಗಳಿಗೆ ರಾಜ್ಯ ನಡೆಸುವ ಪ್ರವೇಶ ಪರೀಕ್ಷೆ. ಕಾಲೇಜಿನ ಗೇಟಿನಲ್ಲಿ ಕೇಳುತ್ತಾರೆ, ಸಂತೆಯಲ್ಲಿ ಕೇಳುತ್ತಾರೆ, ಮದುವೆ ಮನೆಯಲ್ಲಿ ಎಲೆ ಮುಂದೆ ಕೂತಾಗಲೂ ಕೇಳುತ್ತಾರೆ. ಪಿಯುಸಿ ಮಕ್ಕಳಿಗೆ ಗಣಿತ ಹೇಳಿಕೊಡುವುದು ನನ್ನ ಕೆಲಸ, ಹಾಗಾಗಿ ಕೇಳುವುದು ಸಹಜ. ಆದರೆ ಹೇಳಿ ಹೇಳಿ ಗಂಟಲು ಒಣಗಿದೆ. ಇನ್ನು ಕೇಳಿದವರಿಗೆಲ್ಲ ಇದನ್ನೇ ಕಳಿಸುತ್ತೇನೆ.

ನೇರ ಉತ್ತರ ಮೊದಲು. ದಿನಾಂಕವನ್ನು ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ಅಂದರೆ ಕೆಇಎ, ಪ್ರತಿ ವರ್ಷ ತನ್ನ ವೆಬ್‌ಸೈಟಿನಲ್ಲಿ ಹಾಕುತ್ತದೆ. 2025ರಲ್ಲಿ ಜನವರಿಯಲ್ಲಿ ಅರ್ಜಿ ಶುರುವಾಗಿ ಫೆಬ್ರವರಿಯಲ್ಲಿ ಮುಗಿಯಿತು, ಪರೀಕ್ಷೆ ಏಪ್ರಿಲ್ 16 ಮತ್ತು 17ಕ್ಕೆ ನಡೆಯಿತು. ಫೋನಿನಲ್ಲಿ ನೋಡಿದರೆ ಅರ್ಧ ನಿಮಿಷದ ಕೆಲಸ. ಇದನ್ನು ನನ್ನ ಬಾಯಿಂದಲೇ ಕೇಳಬೇಕಾಗಿಲ್ಲ.

ನನಗೆ ಸಿಟ್ಟು ಬರುವುದು ದಿನಾಂಕ ಕೇಳಿದ್ದಕ್ಕಲ್ಲ, "ಕೊನೇ" ದಿನವನ್ನೇ ಕೇಳುತ್ತಾರಲ್ಲ, ಅದಕ್ಕೆ. ಅಲ್ಲಿವರೆಗೆ ಕೆಲಸ ಮುಂದೆ ಹಾಕಬಹುದು ಅನ್ನುವ ಲೆಕ್ಕ ಅದು. "ಹೇಗೂ ಡೇಟ್ ಎಕ್ಸ್‌ಟೆಂಡ್ ಮಾಡ್ತಾರಲ್ಲ" ಅಂತ ಜೊತೆಗೊಂದು ಧೈರ್ಯ ಬೇರೆ. ಮಾಡಬಹುದು, ಮಾಡದೆಯೂ ಇರಬಹುದು. ಆದರೆ ಕೊನೇ ಗಳಿಗೆಯಲ್ಲಿ ಅರ್ಜಿಗೆ ಅಂತ ಓಡಾಡುವ ಆ ದಿನಗಳಲ್ಲಿ ನಿಮ್ಮ ಮಗಳು ಏನು ಓದಬೇಕಿತ್ತು ಅಂತ ಯಾರಾದರೂ ಯೋಚಿಸಿದ್ದೀರಾ?

ಕೆಲವು ವರ್ಷದ ಹಿಂದಿನ ಮಾತು. ಕೊನೇ ದಿನದ ಸಂಜೆ ಸೈಬರ್ ಸೆಂಟರಿನಿಂದ ಒಬ್ಬ ತಂದೆ ಫೋನ್ ಮಾಡಿದರು. ಮಗಳ ಜಾತಿ ಮತ್ತು ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರ್, ಅಂದರೆ ಪತ್ರದ ಮೇಲಿರುವ ಗುರುತಿನ ಸಂಖ್ಯೆ, ಹಾಕಿದರೆ ತೆಗೆದುಕೊಳ್ಳುತ್ತಿಲ್ಲ ಅಂತ. ನಾನು ಹೋಗಿ ನೋಡಿದೆ. ಪತ್ರಕ್ಕೆ ದಪ್ಪ ಲ್ಯಾಮಿನೇಷನ್ ಮಾಡಿಸಿ, ಒಂದು ಮಡಿಕೆಯೂ ಬೀಳದ ಹಾಗೆ ಇಟ್ಟಿದ್ದರು. ಮಗು ಆರನೇ ಕ್ಲಾಸಿನಲ್ಲಿದ್ದಾಗ ಸ್ಕಾಲರ್‌ಶಿಪ್‌ಗೆ ಅಂತ ಮಾಡಿಸಿದ್ದು. ಆದಾಯದ ಪತ್ರಕ್ಕೆ 5 ವರ್ಷ ಮಾತ್ರ ಬೆಲೆ ಅಂತ ಅವರಿಗೆ ಯಾರೂ ಹೇಳಿರಲಿಲ್ಲ. ಸೈಬರಿನ ಹುಡುಗ "ಸದ್ಯಕ್ಕೆ ಜಿಎಂ ಅಂತ ಹಾಕಿಬಿಡ್ತೀನಿ ಅಂಕಲ್, ಆಮೇಲೆ ಸರಿ ಮಾಡಿಸ್ಕೊಳ್ಳಿ" ಅಂದ. ಜಿಎಂ ಅಂದರೆ ಮೀಸಲಾತಿ ಇಲ್ಲದ ಸಾಮಾನ್ಯ ವರ್ಗ. ಹಾಕಿಯೇಬಿಟ್ಟ. ಆಮೇಲೆ ತಿದ್ದುಪಡಿಗೆ ಅವಕಾಶ ಕೊಟ್ಟರು, ಅವಳ ಹಿಂದುಳಿದ ವರ್ಗದ ಮೀಸಲಾತಿ, 2ಎ, ಸಿಕ್ಕಿತು, ನಿಜ. ಆದರೆ ಅಷ್ಟರೊಳಗೆ ಆ ಹುಡುಗಿ ನಾಡಕಚೇರಿಗೂ ಮನೆಗೂ ಅಪ್ಪನ ಜೊತೆ ಬೈಕಿನಲ್ಲಿ ಓಡಾಡಿದ್ದು ಎರಡನೇ ಪಿಯುಸಿ ಪರೀಕ್ಷೆಗೆ ಓದಬೇಕಿದ್ದ ದಿನಗಳಲ್ಲಿ. ಕ್ಯೂನಲ್ಲಿ ನಿಂತು ಇಂಟಿಗ್ರೇಷನ್ ಸೂತ್ರ ಬಾಯಿಪಾಠ ಮಾಡುತ್ತಿದ್ದಳಂತೆ. ಅದನ್ನು ಅವಳೇ ನಗುತ್ತಾ ಹೇಳಿದಳು, ನನಗೆ ನಗು ಬರಲಿಲ್ಲ.

ಯಾಕೆ ಇಷ್ಟು ಹೇಳುತ್ತೇನೆ ಅಂದರೆ, ಎಂಜಿನಿಯರಿಂಗ್ ರ‍್ಯಾಂಕಿನಲ್ಲಿ ಸಿಇಟಿಗೆ ಅರ್ಧ, ಪಿಯುಸಿಯ ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್ ಅಂಕಗಳಿಗೆ ಇನ್ನರ್ಧ. ಇದು ಗೊತ್ತಿದ್ದೂ ಫೆಬ್ರವರಿಯನ್ನು ಕಾಗದಪತ್ರಕ್ಕೆ ಸುರಿಯುತ್ತಾರೆ. ಸಿಇಟಿಯಲ್ಲಿ ಒಂದೊಂದು ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ, ತಪ್ಪಿಗೆ ಅಂಕ ಕಳೆಯುವುದಿಲ್ಲ. ಪಿಯುಸಿಯನ್ನು ಸರಿಯಾಗಿ ಓದಿದ ಮಗುವಿಗೆ ಸಿಇಟಿಯ ತಯಾರಿ ಅಲ್ಲೇ ಮುಕ್ಕಾಲು ಆಗಿರುತ್ತದೆ.

ಆದ್ದರಿಂದ ಆರ್‌ಡಿ ನಂಬರಿನ ಪತ್ರ, ಹತ್ತನೇ ಕ್ಲಾಸಿನವರೆಗೆ ಹಳ್ಳಿಯಲ್ಲಿ ಓದಿದ್ದಕ್ಕೆ ಗ್ರಾಮೀಣ ಮೀಸಲಾತಿ, ಕನ್ನಡ ಮಾಧ್ಯಮದ ಮೀಸಲಾತಿ, ಕಲ್ಯಾಣ ಕರ್ನಾಟಕದವರಾದರೆ 371ಜೆ ಮೀಸಲಾತಿ, ಇದೆಲ್ಲವನ್ನೂ ಮೊದಲ ಪಿಯುಸಿ ಮುಗಿದ ರಜೆಯಲ್ಲೇ ಮುಗಿಸಿಟ್ಟುಕೊಳ್ಳಿ. ಗ್ರಾಮೀಣಕ್ಕೆ 15%, ಕನ್ನಡ ಮಾಧ್ಯಮಕ್ಕೆ 5% ಸೀಟು ಇದೆ, ಸಣ್ಣದಲ್ಲ. ಆಧಾರ್‌ನಲ್ಲಿ ಒಂದು ಹೆಸರು, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನ್ನೊಂದು ಇದ್ದರೆ ಅದನ್ನೂ ಆಗಲೇ ಸರಿಮಾಡಿಸಿ. ಪರೀಕ್ಷೆಯ ದಿನಾಂಕ ನಮ್ಮ ಕೈಯಲ್ಲಿಲ್ಲ. ಇವು ನಮ್ಮ ಕೈಯಲ್ಲಿವೆ.

ಇನ್ನೊಂದು ಮಾತಿದೆ, ಅದು ಇದಕ್ಕಿಂತ ಜಾಸ್ತಿ ನೋಯಿಸುತ್ತದೆ. "ಎಲ್ಲಾ ಪರೀಕ್ಷೆನೂ ಬರೆಸಿಬಿಡೋಣ ಮೇಡಂ, ಒಂದಲ್ಲಾ ಒಂದು ಆಗುತ್ತೆ." 2025ನ್ನೇ ನೋಡಿ. ದೇಶಮಟ್ಟದ ಎಂಜಿನಿಯರಿಂಗ್ ಪ್ರವೇಶ ಪರೀಕ್ಷೆ ಜೆಇಇ ಮೇನ್‌ನ ಮೊದಲ ಸುತ್ತು ಜನವರಿ 22ರಿಂದ. ಮಾರ್ಚ್ 1ರಿಂದ 20ರವರೆಗೆ ಪಿಯುಸಿ. ಏಪ್ರಿಲ್ 2ರಿಂದ ಜೆಇಇ ಎರಡನೇ ಸುತ್ತು, ಅದರ ಬೆನ್ನಿಗೇ ಸಿಇಟಿ. ಮೇ 4ಕ್ಕೆ ಮೆಡಿಕಲ್‌ನ ನೀಟ್, 10ಕ್ಕೆ ರಾಜ್ಯದ ಖಾಸಗಿ ಎಂಜಿನಿಯರಿಂಗ್ ಕಾಲೇಜುಗಳ ಕಾಮೆಡ್‌ಕೆ, 18ಕ್ಕೆ ಐಐಟಿಗೆ ಬೇಕಾದ ಜೆಇಇ ಅಡ್ವಾನ್ಸ್ಡ್. ನಡುನಡುವೆ ಖಾಸಗಿ ವಿಶ್ವವಿದ್ಯಾಲಯಗಳ ಪರೀಕ್ಷೆಗಳು, ಒಂದೊಂದಕ್ಕೂ ಬೇರೆ ಫೀಸು, ಬೇರೆ ಕೊನೇ ದಿನ. ಹದಿನೇಳು ಹದಿನೆಂಟು ವರ್ಷದ ಮಗು ಇದೆಲ್ಲವನ್ನೂ ಬರೆಯಬೇಕು, ಊಟ ಮಾಡಬೇಕು, ನಿದ್ದೆಯನ್ನೂ ಮಾಡಬೇಕು.

"ಯಾವುದನ್ನು ಬಿಡಬಹುದು ಮೇಡಂ?" ಅಂತ ಒಬ್ಬರಾದರೂ ಕೇಳಲಿ ಅಂತ ಕಾಯುತ್ತಿದ್ದೇನೆ. ಕೇಳಿದರೆ ಕೂರಿಸಿ ಕಾಫಿ ಕೊಟ್ಟು ಹೇಳುತ್ತೇನೆ. ಸ್ಟೇಟ್ ಸಿಲಬಸ್‌ನ ಮಗು, ಜೆಇಇಗೆ ಅಂತ ಮೊದಲಿಂದ ಓದಿಲ್ಲ, ಜನವರಿಯಲ್ಲಿ ಪೋರ್ಷನ್ ಈಗಷ್ಟೇ ಮುಗಿಯುತ್ತಿದೆ ಅಂದರೆ ಜನವರಿ ಸುತ್ತು ಬಿಡಿ. ಏಪ್ರಿಲ್‌ನದೊಂದೇ ಬರೆದರೆ ಯಾರೂ ಅಂಕ ಕಳೆಯುವುದಿಲ್ಲ. ಎರಡೂ ಬರೆದವರಿಗೆ ಹೆಚ್ಚಿನ ಸ್ಕೋರನ್ನು ಹಿಡಿಯುತ್ತಾರೆ, ಅಷ್ಟೇ. ಜೆಇಇಗೇ ಓದಿದ ಮಗುವಾದರೆ ಎರಡೂ ಬರೆಯಲಿ, ಆದರೆ ಜನವರಿ ಸುತ್ತಿನ ಅರ್ಜಿ ಹಿಂದಿನ ವರ್ಷದ ಕೊನೆಯಲ್ಲೇ ಮುಗಿದುಹೋಗುತ್ತದೆ, ಸಿಇಟಿ ಲೆಕ್ಕದಲ್ಲಿ ಕಾಯುತ್ತಾ ಕೂತರೆ ಆಗದು. ಕಾಮೆಡ್‌ಕೆ ಬರೆಸುವ ಮುಂಚೆ ಆ ಸೀಟಿನ ಫೀಸು ಎಷ್ಟು ಅಂತ ಮನೆಯಲ್ಲಿ ಕೂತು ಮಾತಾಡಿ. ಕಟ್ಟಲು ಆಗುವುದಿಲ್ಲ ಅಂತ ಮೊದಲೇ ಗೊತ್ತಿದ್ದರೆ ಆ ಪರೀಕ್ಷೆ ಯಾಕೆ? ಮಗುವಿಗೆ ಸೀಟು ಸಿಕ್ಕ ಮೇಲೆ ಬೇಡ ಅನ್ನುವುದು ತುಂಬಾ ಕಷ್ಟ.

ಜೆಇಇ ಕೋಚಿಂಗ್ ಅಂತ ಮೊದಲ ಪಿಯುಸಿಗೆ ಮಗುವನ್ನು ಹೈದರಾಬಾದಿಗೋ ಕೋಟಾಕ್ಕೋ ಕಳಿಸಲು ಹೊರಟವರಿಗೆ ಒಂದು ವಿಷಯ. ಜೆಇಇ ಮೇನ್ ಮೂಲಕ ಸೀಟು ಕೊಡುವ ಸುರತ್ಕಲ್ಲಿನ ಎಂಜಿನಿಯರಿಂಗ್ ಸಂಸ್ಥೆ ಎನ್‌ಐಟಿಕೆಯಲ್ಲಿ ಅರ್ಧ ಸೀಟು ಕರ್ನಾಟಕದವರಿಗೆ. ಆದರೆ ನೀವು ಯಾವ ರಾಜ್ಯದವರು ಅಂತ ಅಲ್ಲಿ ನೋಡುವುದು ಹನ್ನೆರಡನೇ ತರಗತಿಯನ್ನು ಎಲ್ಲಿ ಪಾಸು ಮಾಡಿದಿರಿ ಅನ್ನುವುದರ ಮೇಲೆ, ಹುಟ್ಟಿದ ಊರಿನ ಮೇಲಲ್ಲ. ಬೇರೆ ರಾಜ್ಯದಲ್ಲಿ ಹನ್ನೆರಡು ಮುಗಿಸಿದರೆ ಮಂಗಳೂರಿನ ಮಗುವಿಗೂ ಸುರತ್ಕಲ್ಲಿನಲ್ಲಿ ಹೊರ ರಾಜ್ಯದ ಪಟ್ಟಿಯೇ. ಹಾಸ್ಟೆಲಿಗೆ ಅಡ್ವಾನ್ಸ್ ಕಟ್ಟುವ ಮುಂಚೆ ಬಂದು ಕೇಳಿ. ಆ ಪ್ರಶ್ನೆಗೆ ರಾತ್ರಿ ಹತ್ತಕ್ಕೆ ಫೋನ್ ಮಾಡಿದರೂ ಎತ್ತುತ್ತೇನೆ.