ಏನು ತಗೊಳ್ತಿದ್ದೀರಾ ಅಂತ ಕೇಳಿದರೆ ಸಾಲದು, ಏನು ನಿಲ್ಲಿಸಿದ್ದೀರಾ ಅಂತಲೂ ಕೇಳಿ

ನಾನು ಆಸ್ಪತ್ರೆಯ ವಾರ್ಡಿನಲ್ಲಿ ಸ್ಟಾಫ್ ನರ್ಸ್. ರೋಗಿ ಅಡ್ಮಿಟ್ ಆದಾಗ ತುಂಬುವ ಫಾರ್ಮಿನಲ್ಲಿ ಒಂದು ಸಾಲು ಇದ್ದೇ ಇರುತ್ತದೆ: ಈಗ ಯಾವ ಮಾತ್ರೆ ನಡೆಯುತ್ತಿದೆ? ಅದನ್ನು ಎಲ್ಲರೂ ತಪ್ಪದೆ ಬರೆಯುತ್ತಾರೆ. ಅದರ ಕೆಳಗೆ ಇನ್ನೊಂದು ಸಾಲು ಬೇಕಿತ್ತು ಅಂತ ನನಗೆ ಯಾವಾಗಲೂ ಅನ್ನಿಸುತ್ತದೆ: ಇತ್ತೀಚೆಗೆ ಏನು ನಿಂತಿದೆ, ಯಾವಾಗ ನಿಂತಿದೆ? ಹೊಸದಾಗಿ ಕೆಲಸಕ್ಕೆ ಬರುವ ಹುಡುಗ ಹುಡುಗಿಯರಿಗೆ ನಾನು ಮೊದಲು ಹೇಳಿಕೊಡುವುದು ಈ ಪ್ರಶ್ನೆಯನ್ನೇ. ಯಾಕೆ ಅಂತ ಸ್ವಲ್ಪ ಬಿಡಿಸಿ ಬರೆಯುತ್ತೇನೆ. ನರ್ಸಿಂಗ್ ಓದುತ್ತಿರುವವರಿಗೆ ಕೆಲಸಕ್ಕೆ ಬರುತ್ತದೆ. ಮನೆಯಲ್ಲಿ ಕಾಯಿಲೆಯವರನ್ನು ನೋಡಿಕೊಳ್ಳುವವರಿಗೂ ಬರಬಹುದು.

ನಮ್ಮ ಮೆದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಹೆಚ್ಚಿನ ಕಡೆ ಅವು ಒಂದಕ್ಕೊಂದು ಅಂಟಿಕೊಂಡಿಲ್ಲ. ನಡುವೆ 20ರಿಂದ 40 ನ್ಯಾನೋಮೀಟರಿನಷ್ಟು ಸಂದು ಇರುತ್ತದೆ. ಕೋಶದ ಉದ್ದಕ್ಕೂ ಸುದ್ದಿ ಓಡುವುದು ವಿದ್ಯುತ್ತಾಗಿ. ಸಂದು ಬಂದ ತಕ್ಷಣ ಅದು ರಾಸಾಯನಿಕವಾಗುತ್ತದೆ. ಈ ಕಡೆಯ ಕೋಶ ಒಂದು ರಾಸಾಯನಿಕವನ್ನು ಬಿಡುತ್ತದೆ, ಆ ಕಡೆಯ ಕೋಶದ ಮೇಲಿರುವ ರಿಸೆಪ್ಟರ್, ಅಂದರೆ ಅದಕ್ಕೆಂದೇ ಇರುವ ಜಾಗ, ಅದನ್ನು ಹಿಡಿಯುತ್ತದೆ. ಇದನ್ನು ಮೊದಲು ಸರಿಯಾಗಿ ತೋರಿಸಿದ್ದು ಆಟೋ ಲೋವಿ, 1921ರಲ್ಲಿ, ಕಪ್ಪೆಯ ಹೃದಯ ಇಟ್ಟುಕೊಂಡು. ಒಂದು ಹೃದಯಕ್ಕೆ ಮೆದುಳಿನಿಂದ ಬರುವ ವೇಗಸ್ ಅನ್ನುವ ನರವನ್ನು ಪ್ರಚೋದಿಸಿದರು. ಅದರ ಬಡಿತ ನಿಧಾನವಾಯಿತು. ಆ ಹೃದಯ ಇದ್ದ ದ್ರವವನ್ನು ಇನ್ನೊಂದು ಹೃದಯಕ್ಕೆ ಕೊಟ್ಟರು. ಅದೂ ನಿಧಾನವಾಯಿತು! ಎರಡನೆಯದರ ನರವನ್ನು ಯಾರೂ ಮುಟ್ಟಿರಲಿಲ್ಲ. ಅಂದರೆ ಸುದ್ದಿ ಆ ದ್ರವದಲ್ಲೇ ಇತ್ತು. ಆ ರಾಸಾಯನಿಕವನ್ನೇ ನಾವು ಇವತ್ತು ಅಸಿಟೈಲ್‌ಕೋಲಿನ್ ಅನ್ನುತ್ತೇವೆ. 1936ರಲ್ಲಿ ಲೋವಿಗೂ ಹೆನ್ರಿ ಡೇಲ್‌ಗೂ ಸೇರಿ ನೊಬೆಲ್ ಬಂತು. ನನಗೆ ಈ ಪ್ರಯೋಗ ಬಹಳ ಇಷ್ಟ. ಅಷ್ಟು ಸರಳ, ಅಷ್ಟು ಸ್ಪಷ್ಟ.

ಮೆದುಳಿನ ಮೇಲೆ ಕೆಲಸ ಮಾಡುವ ಔಷಧಿಗಳಲ್ಲಿ ಬಹುಪಾಲು ಈ ಸಂದಿನಲ್ಲೇ ಕೈ ಹಾಕುತ್ತವೆ. ಕೆಲವು ರಿಸೆಪ್ಟರನ್ನು ತಾವೇ ಹಿಡಿಯುತ್ತವೆ. ಕೆಲವು ಅದನ್ನು ಮುಚ್ಚಿ ಕೂರುತ್ತವೆ. ಇನ್ನು ಕೆಲವು ಬಿಟ್ಟ ರಾಸಾಯನಿಕ ವಾಪಸ್ ಹೋಗದಂತೆ ತಡೆಯುತ್ತವೆ. ಯಾವುದೂ ಮೆದುಳಿಗೆ ಗೊತ್ತಿಲ್ಲದ ಭಾಷೆ ಆಡುವುದಿಲ್ಲ. 1973ರಲ್ಲಿ ಮೆದುಳಿನಲ್ಲಿ ಅಫೀಮಿನಂಥ ಔಷಧಿಗಳು ಕೂರುವ ರಿಸೆಪ್ಟರ್ ಇದೆ ಅಂತ ಕ್ಯಾಂಡೇಸ್ ಪರ್ಟ್ ಮತ್ತು ಸಾಲಮನ್ ಸ್ನೈಡರ್ ತೋರಿಸಿದರು. ಗಸಗಸೆ ಗಿಡದ ರಸಕ್ಕೆ ಮನುಷ್ಯನ ಮೆದುಳಿನಲ್ಲಿ ಜಾಗ ಯಾಕಿರಬೇಕು ಅಲ್ವಾ? ಉತ್ತರ ಎರಡೇ ವರ್ಷದಲ್ಲಿ ಬಂತು. 1975ರಲ್ಲಿ ಜಾನ್ ಹ್ಯೂಸ್ ಮತ್ತು ಹಾನ್ಸ್ ಕಾಸ್ಟರ್‌ಲಿಟ್ಸ್ ಎನ್‌ಕೆಫಲಿನ್ ಅನ್ನುವ, ಮೆದುಳೇ ತಯಾರಿಸಿಕೊಳ್ಳುವ ನೋವು ನಿವಾರಕವನ್ನು ಗುರುತಿಸಿದರು. ಜಾಗ ಇದ್ದದ್ದು ನಮ್ಮದೇ ರಾಸಾಯನಿಕಕ್ಕೆ. ಮಾರ್ಫಿನ್ ಬಂದು ಅಲ್ಲಿ ಕೂತಿತು, ಅಷ್ಟೇ.

ಇಲ್ಲಿವರೆಗಿನದು ಪುಸ್ತಕದಲ್ಲಿ ಸಿಗುತ್ತದೆ. ವಾರ್ಡಿನಲ್ಲಿ ಮುಖ್ಯವಾಗುವುದು ಮುಂದಿನದು. ಔಷಧಿ ದಿನಾ ಬರುತ್ತಿದ್ದರೆ ಮೆದುಳು ಸುಮ್ನೆ ಕೂರುವುದಿಲ್ಲ. ತನ್ನ ಸಮತೋಲ ಕಾಪಾಡಿಕೊಳ್ಳಲು ಎದುರು ದಿಕ್ಕಿಗೆ ಕೆಲಸ ಶುರು ಮಾಡುತ್ತದೆ. ರಿಸೆಪ್ಟರ್ ಕಡಿಮೆ ಮಾಡುತ್ತದೆ, ಜಾಸ್ತಿ ಮಾಡುತ್ತದೆ, ಅವುಗಳ ಸೂಕ್ಷ್ಮತೆ ಬದಲಿಸುತ್ತದೆ. ಬಾಗಿಲಿನ ಆಚೆಯಿಂದ ಒಬ್ಬ ತಳ್ಳುತ್ತಿದ್ದಾನೆ, ಈಚೆಯಿಂದ ಇನ್ನೊಬ್ಬ ಅಷ್ಟೇ ಜೋರಾಗಿ ಒತ್ತಿ ಹಿಡಿದಿದ್ದಾನೆ ಅಂದುಕೊಳ್ಳಿ. ನೋಡುವವರಿಗೆ ಬಾಗಿಲು ಅಲ್ಲಾಡದೆ ನಿಂತಂತೆ ಕಾಣುತ್ತದೆ. ಆಚೆಯವನು ಥಟ್ಟನೆ ಕೈ ಬಿಟ್ಟರೆ ಈಚೆಯವನು ಮುಗ್ಗರಿಸಿ ಬೀಳುತ್ತಾನೆ. ಔಷಧಿ ನಿಂತಾಗ ಆಗುವುದು ಇದೇ. ಅದಕ್ಕೇ ನಿಂತಾಗ ಕಾಣುವ ಲಕ್ಷಣ ಸಾಮಾನ್ಯವಾಗಿ ಔಷಧಿ ಮಾಡುತ್ತಿದ್ದ ಕೆಲಸಕ್ಕೆ ಉಲ್ಟಾ ಇರುತ್ತದೆ. ನಿದ್ದೆ ತರುತ್ತಿದ್ದದ್ದು ನಿಂತರೆ ನಿದ್ದೆ ಹಾರುತ್ತದೆ. ಮಲಬದ್ಧತೆ ಮಾಡುತ್ತಿದ್ದದ್ದು ನಿಂತರೆ ಭೇದಿ.

ಇದು ಅತಿ ಹೆಚ್ಚು ಕಾಣುವುದು ಮದ್ಯದಲ್ಲಿ. ಅದೂ ಮೂಳೆ ವಾರ್ಡಿನಲ್ಲಿ, ಸರ್ಜರಿ ವಾರ್ಡಿನಲ್ಲಿ. ಅಲ್ಲಿ ಯಾರೂ ಅದನ್ನು ಹುಡುಕುತ್ತಿರುವುದಿಲ್ಲ. ಬಿದ್ದು ತೊಡೆ ಮೂಳೆ ಮುರಿದುಕೊಂಡು ಬಂದವರು ಅಂದುಕೊಳ್ಳಿ. ಜೊತೆಗೆ ಬಂದವರು, "ಇವರಿಗೆ ಯಾವ ಮಾತ್ರೆಯೂ ಇಲ್ಲ ಸಿಸ್ಟರ್, ಗಟ್ಟಿ ಮನುಷ್ಯ" ಅನ್ನುತ್ತಾರೆ. ಮೊದಲ ದಿನ ಸಂಜೆ ನೀರಿನ ಲೋಟ ಹಿಡಿಯುವಾಗ ಕೈ ಸಣ್ಣಗೆ ನಡುಗುತ್ತದೆ. ನೋವಿಗೆ ಇರಬೇಕು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ನಾನು ಎರಡೂ ಕೈ ಮುಂದೆ ಚಾಚಿ, ಬೆರಳು ಅಗಲಿಸಿ ಹಿಡಿಯಲು ಹೇಳುತ್ತೇನೆ. ಬೆರಳ ತುದಿಗೆ ನನ್ನ ಬೆರಳು ತಾಗಿಸಿದರೆ ಕಣ್ಣಿಗೆ ಕಾಣದ ನಡುಕವೂ ತಿಳಿಯುತ್ತದೆ. ಮಾರನೇ ದಿನ ಹಣೆ ಬೆವರಿರುತ್ತದೆ, ನಾಡಿ 120ರ ಹತ್ತಿರ. ಜ್ವರ ಇಲ್ಲ. ಮೂರನೇ ರಾತ್ರಿ ಹೊದಿಕೆಯಿಂದ ಕಾಣದ ಏನನ್ನೋ ಹೆಕ್ಕಿ ಹೆಕ್ಕಿ ಎಸೆಯುತ್ತಾರೆ. ಗೋಡೆ ಮೇಲೆ ಇರುವೆ ಸಾಲು ಹರಿಯುತ್ತಿದೆ ಅನ್ನುತ್ತಾರೆ. ತಾನು ಕೆಲಸದ ಜಾಗದಲ್ಲಿದ್ದೇನೆ ಅಂದುಕೊಂಡು ಮುರಿದ ಕಾಲನ್ನೇ ಊರಿ ಇಳಿಯಲು ನೋಡುತ್ತಾರೆ.

ಒಳಗೆ ಏನಾಗಿದೆ ನೋಡಿ. ಮೆದುಳನ್ನು ಶಾಂತಗೊಳಿಸುವ ಮುಖ್ಯ ರಾಸಾಯನಿಕ ಗಾಬಾ, ಎಬ್ಬಿಸುವುದು ಗ್ಲುಟಮೇಟ್. ಮದ್ಯ ಗಾಬಾದ ಕೈ ಬಲಪಡಿಸುತ್ತದೆ, ಗ್ಲುಟಮೇಟ್‌ನ ಒಂದು ಮುಖ್ಯ ರಿಸೆಪ್ಟರನ್ನು ತಡೆಯುತ್ತದೆ. ವರ್ಷಗಟ್ಟಲೆ ದಿನಾ ಹೀಗಾದಾಗ ಮೆದುಳು ಗಾಬಾ ಕಡೆಯ ರಿಸೆಪ್ಟರುಗಳನ್ನು ಮಂದ ಮಾಡುತ್ತದೆ, ಗ್ಲುಟಮೇಟ್ ಕಡೆಯದನ್ನು ಹೆಚ್ಚಿಸುತ್ತದೆ. ಆಮೇಲೆ ಮೂಳೆ ಮುರಿದು ಆಸ್ಪತ್ರೆ ಸೇರಿದ ದಿನ ಕುಡಿತ ಒಮ್ಮೆಲೇ ನಿಲ್ಲುತ್ತದೆ. ತಡೆಯುವ ಕೈ ಸೋತಿರುತ್ತದೆ, ಎಬ್ಬಿಸುವ ಕೈ ಬಲಿತಿರುತ್ತದೆ. ನಡುಕ ಶುರುವಾಗುವುದು ಕೊನೆಯ ಗುಟುಕಿನ ಸುಮಾರು 6 ಗಂಟೆಯ ನಂತರ. ಫಿಟ್ಸ್ ಬರುವುದಾದರೆ ಹೆಚ್ಚಾಗಿ ಮೊದಲ 48 ಗಂಟೆಯೊಳಗೆ. ಡೆಲಿರಿಯಂ, ಅಂದರೆ ಇಲ್ಲದ್ದು ಕಾಣುವ, ಎಲ್ಲಿದ್ದೇನೆ ಅಂತಲೇ ತಿಳಿಯದ ಆ ಗಲಿಬಿಲಿ, ಸಾಮಾನ್ಯವಾಗಿ 48ರಿಂದ 96 ಗಂಟೆಯ ನಡುವೆ. ಚಿಕಿತ್ಸೆ ಸಿಗದಿದ್ದರೆ ಇದರಿಂದ ಜನ ಸಾಯುತ್ತಾರೆ. ಕೊನೆಯ ಸಲ ಕುಡಿದ ಗಂಟೆ ಗೊತ್ತಿದ್ದರೆ ಮುಂದಿನ ಮೂರು ದಿನದ ನಕ್ಷೆಯೇ ನಮ್ಮ ಕೈಯಲ್ಲಿರುತ್ತದೆ. ಡಾಕ್ಟರು ಡಯಾಜೆಪಾಮ್ ಜಾತಿಯ ಔಷಧಿ ಶುರು ಮಾಡುತ್ತಾರೆ. ಅದೂ ಗಾಬಾ ರಿಸೆಪ್ಟರ್ ಮೇಲೆಯೇ ಕೆಲಸ ಮಾಡುತ್ತದೆ. ಬಿಟ್ಟುಹೋದ ಒತ್ತಡವನ್ನು ವಾಪಸ್ ಕೊಟ್ಟು, ಆಮೇಲೆ ನಿಧಾನವಾಗಿ ಇಳಿಸುತ್ತಾರೆ. ಇನ್ನೊಂದು ಮಾತು: ಇವರಿಗೆ ಗ್ಲುಕೋಸ್ ಡ್ರಿಪ್ ಬರೆದಿದ್ದರೆ ಥಯಮಿನ್, ಅಂದರೆ ಬಿ1 ವಿಟಮಿನ್ ಇಂಜೆಕ್ಷನ್ ಬರೆದಿದ್ದಾರಾ ಅಂತ ನೋಡಿ, ಇಲ್ಲದಿದ್ದರೆ ಡಾಕ್ಟರಿಗೆ ನೆನಪಿಸಿ. ದೀರ್ಘ ಕುಡಿತದವರಲ್ಲಿ ಅದು ಖಾಲಿಯಾಗಿರುತ್ತದೆ. ಅದಿಲ್ಲದೆ ಬರೀ ಗ್ಲುಕೋಸ್ ಹೋದರೆ ಮೆದುಳಿಗೇ ಪೆಟ್ಟಾಗಬಹುದು.

ಈಗ ಅಫೀಮು ಜಾತಿಯ ಔಷಧಿಗಳು. ಮಾರ್ಫಿನ್, ಟ್ರಮಡಾಲ್, ಮೆಥಡೋನ್, ಹೆರಾಯಿನ್ ಎಲ್ಲ ಈ ಗುಂಪಿನವು. ಇವು ನೋವಿನ ದಾರಿಯನ್ನಷ್ಟೇ ಮುಟ್ಟುವುದಿಲ್ಲ. ಮೆದುಳಿನ ಕಾಂಡದಲ್ಲಿ ಉಸಿರಿನ ತಾಳ ಹಾಕುವ ನರಕೋಶಗಳ ಮೇಲೂ ಇದೇ ರಿಸೆಪ್ಟರ್ ಇದೆ. ಹಾಗಾಗಿ ಡೋಸ್ ಮಿತಿ ಮೀರಿದರೆ ಮೂರು ಲಕ್ಷಣ ಒಟ್ಟಿಗೆ ಕಾಣುತ್ತವೆ: ಎಚ್ಚರವಿಲ್ಲ, ಉಸಿರು ನಿಧಾನ, ಕಣ್ಣಿನ ಪಾಪೆ ಸೂಜಿ ಮೊನೆಯಷ್ಟು ಸಣ್ಣ. ಉಸಿರನ್ನು ಹದಿನೈದು ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಬೇಡಿ. ಪೂರ್ತಿ ಒಂದು ನಿಮಿಷ ಎಣಿಸಿ. ನಿಮಿಷಕ್ಕೆ ಆರು ಸಲ ಉಸಿರಾಡುವವರು ಹದಿನೈದು ಸೆಕೆಂಡಿನಲ್ಲಿ ಒಂದೋ ಎರಡೋ ಸಲ ಉಸಿರಾಡುತ್ತಾರೆ. ಗುಣಿಸಿದರೆ ನಾಲ್ಕೂ ಬರಬಹುದು, ಎಂಟೂ ಬರಬಹುದು.

ನಲಾಕ್ಸೋನ್ ಇಂಜೆಕ್ಷನ್ ರಕ್ತನಾಳಕ್ಕೆ ಕೊಟ್ಟರೆ ಎರಡು ನಿಮಿಷದೊಳಗೆ ವ್ಯಕ್ತಿ ಕಣ್ಣು ಬಿಡುತ್ತಾರೆ. ಅದು ರಿಸೆಪ್ಟರಿನಿಂದ ಅಫೀಮನ್ನು ತಳ್ಳಿ ತಾನು ಕೂರುತ್ತದೆ. ನೋಡಿದವರಿಗೆ ಪವಾಡದಂತೆ ಇರುತ್ತದೆ. ಆದರೆ ಅಪಾಯ ಇನ್ನೂ ಮುಗಿದಿಲ್ಲ. ನಲಾಕ್ಸೋನ್ ಕೆಲಸ ಮಾಡುವುದು ಸುಮಾರು 30ರಿಂದ 90 ನಿಮಿಷ. ಮೆಥಡೋನ್ ಒಂದು ದಿನಕ್ಕೂ ಹೆಚ್ಚು ಕಾಲ ದೇಹದಲ್ಲಿರುತ್ತದೆ. ನಲಾಕ್ಸೋನ್ ಇಳಿದರೆ ಇದು ಮತ್ತೆ ಹೋಗಿ ಅಲ್ಲೇ ಕೂರುತ್ತದೆ, ಉಸಿರು ಮತ್ತೆ ನಿಧಾನವಾಗುತ್ತದೆ. ಅಷ್ಟರಲ್ಲಿ ರೋಗಿ ಎದ್ದು ಕೂತು, ಮೈಕೈ ನೋವು, ವಾಂತಿ, ಸಿಟ್ಟಿನಲ್ಲಿ "ನನ್ನನ್ನು ಮನೆಗೆ ಬಿಡಿ" ಅನ್ನುತ್ತಿರುತ್ತಾರೆ. ಆ ಸಿಟ್ಟು ಅವರ ಸ್ವಭಾವ ಅಂದುಕೊಳ್ಳಬೇಡಿ. ಅದು ಔಷಧಿಯನ್ನು ಒಂದೇ ಏಟಿಗೆ ಕಿತ್ತುಕೊಂಡ ಮೆದುಳಿನ ನೋವು. ಮಾತಾಡಿಸುತ್ತಾ ಕೂರಿಸಿಕೊಳ್ಳಿ. ಎದ್ದು ಕೂತವರನ್ನು ನೋಡಿ ಮಾನಿಟರ್ ತೆಗೆಯುವುದಕ್ಕೆ ನಾನು ಯಾವತ್ತೂ ಒಪ್ಪುವುದಿಲ್ಲ.

ಇದರ ಇನ್ನೊಂದು ಮುಖ ಎಲ್ಲಕ್ಕಿಂತ ಜಾಸ್ತಿ ಸಂಕಟ ಕೊಡುವಂಥದ್ದು. ಚಟ ಬಿಡಿಸುವ ಕೇಂದ್ರದಿಂದಲೋ ಜೈಲಿನಿಂದಲೋ ಹೊರಬಂದ ಮೊದಲ ವಾರಗಳಲ್ಲಿ ಓವರ್‌ಡೋಸ್ ಸಾವು ಹೆಚ್ಚು. ಮೆದುಳು ಒಗ್ಗಿಕೊಂಡದ್ದು ಈ ಬಿಡುವಿನಲ್ಲಿ ಕರಗಿಹೋಗಿರುತ್ತದೆ. ವ್ಯಕ್ತಿಯ ನೆನಪಿನಲ್ಲಿ ಮಾತ್ರ ಹಳೇ ಡೋಸ್ ಹಾಗೇ ಉಳಿದಿರುತ್ತದೆ. ಮುಂಚೆ ತಡೆದುಕೊಳ್ಳುತ್ತಿದ್ದ ಅದೇ ಪ್ರಮಾಣ ಈಗ ಉಸಿರು ನಿಲ್ಲಿಸುತ್ತದೆ. ಬಿಟ್ಟು ಗೆದ್ದವರೇ ಹೀಗೆ ಹೋಗುತ್ತಾರೆ ಅನ್ನುವುದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ. ಜಾಗ ಬದಲಾದರೂ ವ್ಯತ್ಯಾಸವಾಗುತ್ತದೆ. 1982ರಲ್ಲಿ ಶೆಪರ್ಡ್ ಸೀಗಲ್ ಮತ್ತು ಜೊತೆಗಾರರು ಹೆರಾಯಿನ್‌ಗೆ ಒಗ್ಗಿದ ಇಲಿಗಳಿಗೆ ದೊಡ್ಡ ಡೋಸ್ ಕೊಟ್ಟು ನೋಡಿದರು. ಅಭ್ಯಾಸದ ಕೋಣೆಯಲ್ಲಿ ಕೊಟ್ಟಾಗ ಸತ್ತದ್ದಕ್ಕಿಂತ ಹೊಸ ಕೋಣೆಯಲ್ಲಿ ಕೊಟ್ಟಾಗ ಸತ್ತವು ಹೆಚ್ಚು. ಪರಿಚಿತ ಜಾಗ ಕಂಡ ಕೂಡಲೇ ಮೆದುಳು ಮೊದಲೇ ಎದುರು ತಳ್ಳಲು ತಯಾರಾಗಿರುತ್ತದೆ. ಹೊಸ ಜಾಗದಲ್ಲಿ ಆ ಸುಳಿವೇ ಸಿಗುವುದಿಲ್ಲ.

ದೊಡ್ಡ ಚಟಗಳ ಮಾತು ಬಿಡಿ, ಡಾಕ್ಟರೇ ಬರೆದುಕೊಟ್ಟ ಮಾತ್ರೆಗಳಲ್ಲೂ ಇದೇ ಲೆಕ್ಕ. ಫಿಟ್ಸ್ ಮಾತ್ರೆ "ಈಗ ಹುಷಾರಾಗಿದ್ದೀನಲ್ಲ" ಅಂತ ನಿಲ್ಲಿಸಿದರೆ ನಿಲ್ಲದ ಫಿಟ್ಸ್ ಬರಬಹುದು. ಸ್ನಾಯು ಬಿಗಿತಕ್ಕೆ ಕೊಡುವ ಬ್ಯಾಕ್ಲೋಫೆನ್ ಥಟ್ಟನೆ ನಿಂತರೂ ಫಿಟ್ಸ್, ಭ್ರಮೆ ಬರಬಹುದು. ಖಿನ್ನತೆಯ ಮಾತ್ರೆ ನಿಲ್ಲಿಸಿದವರು ತಲೆಯೊಳಗೆ ಕರೆಂಟ್ ಹೊಡೆದ ಹಾಗಾಗುತ್ತದೆ ಅನ್ನುತ್ತಾರೆ. ಅದು ಕಟ್ಟುಕಥೆಯಲ್ಲ. ಪ್ಯಾರೊಕ್ಸೆಟಿನ್‌ನಂತೆ ದೇಹದಿಂದ ಬೇಗ ಹೋಗುವ ಮಾತ್ರೆಗಳಲ್ಲಿ ಇದು ಜಾಸ್ತಿ, ಫ್ಲುಒಕ್ಸೆಟಿನ್‌ನಂತೆ ನಿಧಾನವಾಗಿ ಹೋಗುವುದರಲ್ಲಿ ಕಡಿಮೆ. ಆಪರೇಷನ್‌ಗೆ ಅಂತ ಉಪವಾಸ ಇದ್ದವರಿಗೆ ತಲೆ ಸಿಡಿಯುತ್ತಿದ್ದರೆ ದಿನಾ ಎಷ್ಟು ಕಾಫಿ ಅಂತ ಕೇಳಿ. ಕಾಫಿಯಲ್ಲಿರುವ ಕೆಫೀನ್, ತೂಕಡಿಕೆ ತರುವ ಅಡೆನೊಸಿನ್ ಅನ್ನುವ ರಾಸಾಯನಿಕದ ರಿಸೆಪ್ಟರನ್ನು ಮುಚ್ಚುತ್ತದೆ. ನಿಂತ 12ರಿಂದ 24 ಗಂಟೆಯಲ್ಲಿ ತಲೆನೋವು ಶುರು.

ಪಾರ್ಕಿನ್ಸನ್ ಕಾಯಿಲೆಯವರ ಬಗ್ಗೆ ಮಾತ್ರ ಸ್ವಲ್ಪ ನಿಂತು ಹೇಳಬೇಕು. ಅವರ ಮೆದುಳಿನಲ್ಲಿ ಡೋಪಮಿನ್ ಅನ್ನುವ, ಮೈಕೈ ಸರಾಗವಾಗಿ ಆಡಲು ಬೇಕಾದ ರಾಸಾಯನಿಕವನ್ನು ತಯಾರಿಸುವ ಕೋಶಗಳು ನಾಶವಾಗುತ್ತಾ ಹೋಗುತ್ತವೆ. ಡೋಪಮಿನ್ನನ್ನೇ ಕೊಟ್ಟರೆ ರಕ್ತ ಮತ್ತು ಮೆದುಳಿನ ನಡುವಿನ ತಡೆ ದಾಟುವುದಿಲ್ಲ. ಲೆವೊಡೋಪಾ ಅನ್ನುವ ಔಷಧಿ ದಾಟುತ್ತದೆ, ಒಳಗೆ ಹೋಗಿ ಡೋಪಮಿನ್ ಆಗುತ್ತದೆ. ಅದರ ಪರಿಣಾಮ ಕೆಲವೇ ಗಂಟೆ. ವಾರ್ಡಿನ ಮಾತ್ರೆ ಟ್ರಾಲಿ ಬರುವ ಹೊತ್ತಿಗೆ ಅವರ ದೇಹ ಕಾಯುವುದಿಲ್ಲ. ಮನೆಯಲ್ಲಿ ಯಾವ ಗಂಟೆಗೆ ನುಂಗುತ್ತಿದ್ದರೋ ಅದೇ ಗಂಟೆಗೆ ಕೊಡಬೇಕು. ತಡವಾದರೆ ಮೊದಲು ಮಾತು ಅಸ್ಪಷ್ಟವಾಗುತ್ತದೆ, ಆಮೇಲೆ ಹೊರಳಲು ಆಗುವುದಿಲ್ಲ, ನುಂಗಲು ಆಗುವುದಿಲ್ಲ. ನುಂಗಲು ಆಗದ ಮೇಲೆ ಮಾತ್ರೆ ಕೊಡುವುದು ಹೇಗೆ? ಪೂರ್ತಿ ನಿಂತರೆ ಜ್ವರ ಏರಿ ಮೈ ಮರಗಟ್ಟುವ ಸ್ಥಿತಿಯೂ ಬರಬಹುದು. ವಾಂತಿ ಅಂತ ಮೆಟೊಕ್ಲೊಪ್ರಮೈಡ್ ಬರೆದಿದ್ದರೆ ಕೊಡುವ ಮೊದಲು ಡಾಕ್ಟರಿಗೆ ಫೋನ್ ಮಾಡಿ. ಅದು ಡೋಪಮಿನ್ ರಿಸೆಪ್ಟರನ್ನೇ ತಡೆಯುತ್ತದೆ.

ಇನ್ನು ಕೇಳುವ ರೀತಿ. ನೆಂಟರೆಲ್ಲ ಸುತ್ತ ನಿಂತಿರುವಾಗ "ಕುಡೀತೀರಾ?" ಅಂದರೆ ಯಾರೂ ಹೌದು ಅನ್ನುವುದಿಲ್ಲ. ನಾನು ಬಿಪಿ ನೋಡುವ ನೆಪದಲ್ಲಿ ಎಲ್ಲರನ್ನೂ ಹೊರಗೆ ಕಳಿಸುತ್ತೇನೆ. ಪಟ್ಟಿ ಕಟ್ಟುತ್ತಾ, "ದಿನಾ ಎಷ್ಟಾಗುತ್ತೆ? ಕೊನೇ ಸಲ ತಗೊಂಡಿದ್ದು ಯಾವಾಗ? ನಿಮ್ಮ ಚಿಕಿತ್ಸೆಗೆ ಬೇಕು, ಅದಕ್ಕೆ ಕೇಳ್ತಿದ್ದೀನಿ" ಅನ್ನುತ್ತೇನೆ. ಎಷ್ಟಾಗುತ್ತೆ ಅಂದಾಗ ಸುಳ್ಳು ಹೇಳುವ ಕಷ್ಟ ತಪ್ಪುತ್ತದೆ. ಅದೇ ಉಸಿರಿನಲ್ಲಿ ನಿದ್ದೆ ಮಾತ್ರೆ, ಕೆಮ್ಮಿನ ಸಿರಪ್, ನೋವಿನ ಪ್ಯಾಚ್, ಬೀಡಿ ಸಿಗರೇಟು ಎಲ್ಲ ಕೇಳಿಬಿಡುತ್ತೇನೆ. ನಿದ್ದೆ ಮಾತ್ರೆಯನ್ನು ಬಹಳ ಜನ ಮಾತ್ರೆ ಅಂತಲೇ ಲೆಕ್ಕಕ್ಕೆ ಇಟ್ಟುಕೊಂಡಿರುವುದಿಲ್ಲ. ವರ್ಷಗಟ್ಟಲೆ ನುಂಗಿದ ಅಜ್ಜಿ ಆಸ್ಪತ್ರೆಗೆ ಬಂದ ಮೂರನೇ ದಿನ ಗಲಿಬಿಲಿಯಾದರೆ ವಯಸ್ಸಾಯಿತು ಅಂತ ಬಿಟ್ಟುಬಿಡುತ್ತಾರೆ. ಸಿಗರೇಟಿನದ್ದು ಬೇರೆ ಕಥೆ. ಹೊಗೆಯಲ್ಲಿರುವ ವಸ್ತುಗಳು ಲಿವರಿನ ಒಂದು ಕಿಣ್ವವನ್ನು ಚುರುಕು ಮಾಡಿರುತ್ತವೆ. ಸೇದುವುದು ನಿಂತರೆ ಕ್ಲೋಜಪಿನ್ ಅನ್ನುವ ಮಾನಸಿಕ ಕಾಯಿಲೆಯ ಔಷಧಿ ರಕ್ತದಲ್ಲಿ ಏರುತ್ತದೆ. ಡೋಸ್ ಅದೇ ಇದ್ದರೂ ರೋಗಿ ತೂಕಡಿಸತೊಡಗುತ್ತಾರೆ.

ಸಿಕ್ಕ ಉತ್ತರವನ್ನು "ಕೆಲವೊಮ್ಮೆ ಕುಡಿಯುತ್ತಾರೆ" ಅಂತ ಬರೆದರೆ ಮುಂದಿನ ಶಿಫ್ಟಿನವರಿಗೆ ಏನೂ ತಿಳಿಯುವುದಿಲ್ಲ. ಏನು, ದಿನಕ್ಕೆ ಎಷ್ಟು, ಕೊನೆಯ ಸಲ ಯಾವ ದಿನ ಎಷ್ಟು ಗಂಟೆಗೆ, ಅಷ್ಟನ್ನೂ ಕೇಸ್ ಶೀಟಿನ ಮೊದಲ ಪುಟದಲ್ಲೇ ಬರೆಯಿರಿ. ಹ್ಯಾಂಡೋವರ್ ಕೊಡುವಾಗ ಬಾಯಲ್ಲೂ ಹೇಳಿ. ಡಿಸ್ಚಾರ್ಜ್ ದಿನ ಮಾತ್ರೆ ಇಳಿಸುವ ಪಟ್ಟಿ ಕೊಟ್ಟಿದ್ದರೆ, ಯಾವ ತಾರೀಖಿಗೆ ಎಷ್ಟು ಅನ್ನುವುದನ್ನು ಮನೆಯವರಿಂದ ಒಮ್ಮೆ ಓದಿಸಿ. ಮಾತ್ರೆ ಮುಗಿಯುವ ಎರಡು ದಿನ ಮುಂಚೆಯೇ ಫೋನ್ ಮಾಡಲು ವಾರ್ಡಿನ ನಂಬರನ್ನು ಆ ಪಟ್ಟಿಯ ಮೇಲೇ ಬರೆದುಕೊಡಿ.