ಏಳು ಭಾನುವಾರ, ಏಳು ದುಃಖ

ಜನವರಿ 28, 2026, ಬುಧವಾರ

ಕ್ಯಾಥೊಲಿಕರಿಗೆ ಬುಧವಾರ ಯೇಸುವಿನ ಸಾಕುತಂದೆ ಸಂತ ಜೋಸೆಫರ ದಿನ. ಬರುವ ಭಾನುವಾರದಿಂದ ಅವರ ‘ಏಳು ಭಾನುವಾರ’ದ ಪ್ರಾರ್ಥನೆ ಶುರುವಾಗುತ್ತದೆ. ಸಾವಾದ ಮನೆಯವರು ಯಾವ ನವೇನ (ಸಾಲು ದಿನಗಳ ಪ್ರಾರ್ಥನೆ) ಮಾಡೋಣ ಎಂದು ಕೇಳಿದರೆ, ಒಂಬತ್ತು ದಿನದ ನವೇನಕ್ಕಿಂತ ಇದೇ ಮೇಲು ಎನ್ನಬೇಕು. ಮಣ್ಣು ಮುಗಿದ ಮೊದಲ ವಾರ ಮನೆ ತುಂಬ ಜನ, ದಿನಾ ಜಪಸರ. ಆಮೇಲೆ ಎಲ್ಲರೂ ಹೊರಟುಹೋಗುತ್ತಾರೆ. ಒಂಟಿತನ ಅಮರಿಕೊಳ್ಳುವುದು ಆಗಲೇ. ವಾರಕ್ಕೊಮ್ಮೆಯಂತೆ ಏಳು ವಾರ ನಡೆಯುವ ಪ್ರಾರ್ಥನೆಗೆ ಬೆಲೆ ಬರುವುದೂ ಆಗಲೇ.

ಲೆಕ್ಕ ಹೀಗೆ: ಮಾರ್ಚ್ 19ರ ಜೋಸೆಫರ ಹಬ್ಬ ಈ ಸಲ ಗುರುವಾರ. ಅದಕ್ಕೆ ಹಿಂದಿನ ಏಳು ಭಾನುವಾರಗಳೆಂದರೆ ಫೆಬ್ರವರಿ 1, 8, 15, 22, ಮಾರ್ಚ್ 1, 8, 15. ಒಂದು ತಪ್ಪಿದರೆ ಪಾಪವೇನಿಲ್ಲ. ವರ್ಷದ ಯಾವುದೇ ಏಳು ಸಾಲು ಭಾನುವಾರ ಹಿಡಿದು ಮತ್ತೆ ಮಾಡಬಹುದು.

ಪ್ರಾರ್ಥನೆಯ ಸಾರವೆಲ್ಲ ಇರುವುದು ಜೋಡಿಯಲ್ಲಿ: ಒಂದು ದುಃಖ, ಅದರ ಬೆನ್ನಿಗೇ ಒಂದು ಸಂತೋಷ. ಮರಿಯಳು ಗರ್ಭಿಣಿಯೆಂದು ತಿಳಿದಾಗಿನ ತಳಮಳ, ದೇವದೂತನ ಅಭಯ. ದನದ ಹಟ್ಟಿಯ ಬಡತನ, ರಕ್ಷಕನ ಜನನ. ಸುನ್ನತಿಯ ರಕ್ತ, ಯೇಸು ಎಂಬ ಹೆಸರು. ಮರಿಯಳ ಎದೆಯನ್ನು ಕತ್ತಿ ಇರಿಯುವುದೆಂದ ಮುದುಕ ಸಿಮೆಯೋನನ ಮಾತು, ಅನೇಕರ ಉದ್ಧಾರದ ಮಾತು. ಈಜಿಪ್ಟಿಗೆ ಪಲಾಯನ, ಅಲ್ಲಿ ವಿಗ್ರಹಗಳು ಉರುಳಿದುವೆಂಬ ಪರಂಪರೆಯ ಕಥೆ. ಮರಳುವಾಗ ಹೆರೋದನ ಮಗ ಅರ್ಖೆಲಾಯನ ಭಯ, ನಜರೇತಿನ ನೆಮ್ಮದಿ. ಜೆರುಸಲೇಮಿನಲ್ಲಿ ಕಳೆದುಹೋದ ಬಾಲಕ, ಮೂರನೆಯ ದಿನ ದೇವಾಲಯದಲ್ಲಿ ಸಿಕ್ಕಿದ್ದು. ಪ್ರತಿ ಜೋಡಿಯ ನಂತರ ಒಂದು ಪರಲೋಕ ಮಂತ್ರ, ಒಂದು ನಮೋ ಮರಿಯಾ, ಒಂದು ತ್ರಿತ್ವ ಸ್ತೋತ್ರ.

ಹಳೆಯ ಕ್ರಮದಲ್ಲಿ ಪ್ರತಿ ಭಾನುವಾರ ಏಳನ್ನೂ ಹೇಳಬೇಕು. ದುಃಖದ ಮನೆಗೆ ಅದು ಭಾರವಾಗುವುದುಂಟು. ಆಗ ವಾರಕ್ಕೊಂದು ಜೋಡಿ ಸಾಕು, ಅದಕ್ಕೆ ಹೊಂದುವ ಬೈಬಲಿನ ಮತ್ತಾಯ ಅಥವಾ ಲೂಕನ ಶುಭಸಂದೇಶದ ಭಾಗ ಓದಿದರಾಯಿತು. ಬೇಗ ಮುಗಿಯಲೆಂದು ಏಳು ದುಃಖಗಳನ್ನು ಒಟ್ಟಿಗೆ ಓದಿ, ಸಂತೋಷಗಳನ್ನು ಕೊನೆಗಿಟ್ಟುಕೊಳ್ಳುವವರಿದ್ದಾರೆ. ಜೋಡಿ ಒಡೆದರೆ ಉಳಿಯುವುದು ಬರೀ ಶೋಕದ ಪಟ್ಟಿ.

ಇಷ್ಟೆಲ್ಲ ಪಟ್ಟ ಜೋಸೆಫರ ಬಾಯಿಂದ ಬಂದ ಒಂದು ಮಾತೂ ಶುಭಸಂದೇಶಗಳಲ್ಲಿ ದಾಖಲಾಗಿಲ್ಲ. ಸಾವಿನ ವಿವರವೂ ಇಲ್ಲ. ಶಿಲುಬೆಯ ಮೇಲಿಂದ ಯೇಸು ತಾಯಿಯನ್ನು ಶಿಷ್ಯನಿಗೆ ಒಪ್ಪಿಸುವುದರಿಂದ, ಅಷ್ಟರಲ್ಲೇ ಜೋಸೆಫರು ತೀರಿಕೊಂಡಿದ್ದರೆಂದು ಊಹೆ. ಮಗ, ಮಡದಿ ಇಬ್ಬರೂ ಪಕ್ಕದಲ್ಲಿರುವಾಗ ಪ್ರಾಣ ಬಿಟ್ಟರೆಂಬ ನಂಬಿಕೆಯೇ ಅವರನ್ನು ಸಾಯುವವರ ಪಾಲಕ ಸಂತರನ್ನಾಗಿಸಿತು. 1909ರಲ್ಲಿ ಒಪ್ಪಿಗೆ ಪಡೆದ ಮನವಿಮಾಲೆಯಲ್ಲಿ (ಒಂದೊಂದೇ ಬಿರುದಿನಿಂದ ಕರೆದು ಬೇಡುವ ಪ್ರಾರ್ಥನೆ) ಆ ಬಿರುದಿದೆ. 2021ರಲ್ಲಿ ಸೇರಿಸಿದ ಏಳು ಹೊಸ ಮನವಿಗಳಲ್ಲಿ ‘ನೊಂದವರ ಪಾಲಕರೇ’ ಎಂಬುದೂ ಒಂದು. ಹಳೆಯ ಪುಸ್ತಕವಿದ್ದರೆ ಅಂಚಿನಲ್ಲಿ ಬರೆದುಕೊಳ್ಳಿ. (ಮೈಸೂರಿನ ಫಿಲೋಮಿನಾ ಚರ್ಚು ಜೋಸೆಫರ ಹೆಸರಿನದೂ ಹೌದು. ಊರಿನವರ ಬಾಯಲ್ಲಿ ಅಲ್ಲೂ ಅವರು ಮರೆಯಲ್ಲೇ.)

ಹಳೆಯ ಪುಸ್ತಕಗಳಲ್ಲಿ ಇನ್ನೊಂದು ತೊಡಕು: ‘300 ದಿನಗಳ ದಂಡವಿಮೋಚನೆ’ (ಪಾಪದ ಶಿಕ್ಷೆಯಲ್ಲಿ ಕಡಿತ) ಎಂಬಂಥ ಸಾಲು. ಪೋಪ್ ಆರನೇ ಪೌಲರು 1967ರಲ್ಲೇ ಈ ದಿನಗಳ ಲೆಕ್ಕವನ್ನು ತೆಗೆದುಹಾಕಿದರು. ತೀರಿಹೋದವರಿಗೆ ಎಷ್ಟು ದಿನ ಕಡಿಮೆಯಾಯಿತೆಂದು ಕೂಡಿಸುತ್ತ ಕೂರಬೇಡಿ.

ಅದಕ್ಕಿಂತ ಕೆಟ್ಟದ್ದು ವಾಟ್ಸ್‌ಆ್ಯಪ್‌ನಲ್ಲಿ ಓಡಾಡುವ ಚೀಟಿ. ಅದರಲ್ಲಿರುವುದು ಜೋಸೆಫರ ಬೇರೊಂದು ಪ್ರಾರ್ಥನೆ; ಅದನ್ನು ಓದಿದವರಿಗೆ, ಕೇಳಿದವರಿಗೆ, ಜೊತೆಯಲ್ಲಿ ಇಟ್ಟುಕೊಂಡವರಿಗೆ ಹಠಾತ್ ಸಾವಿಲ್ಲ, ನೀರಿನಲ್ಲಿ ಮುಳುಗುವುದಿಲ್ಲ ಎಂಬ ಭರವಸೆ. 1505ರಲ್ಲಿ ಪೋಪರು ಯುದ್ಧಕ್ಕೆ ಹೊರಟ ಚಕ್ರವರ್ತಿ ಚಾರ್ಲ್ಸನಿಗೆ ಇದನ್ನು ಕಳಿಸಿದರಂತೆ. ಐದನೇ ಚಾರ್ಲ್ಸ್ ಹುಟ್ಟಿದ್ದೇ 1500ರಲ್ಲಿ. ಐದು ವರ್ಷದ ಹುಡುಗ ಯಾವ ಯುದ್ಧಕ್ಕೆ ಹೊರಟಾನು? ಪ್ರಾರ್ಥನೆಯ ಮಾತುಗಳು ಚೆನ್ನಾಗಿವೆ, ಹೇಳಲು ಅಡ್ಡಿಯಿಲ್ಲ. ಆದರೆ ಅಪಘಾತದಲ್ಲಿ ಮಗನನ್ನು ಕಳೆದುಕೊಂಡ ತಾಯಿಗೆ ಆ ಭರವಸೆಯ ಸಾಲು ಕಳಿಸಿದರೆ, ನೀನು ಚೀಟಿ ಇಟ್ಟುಕೊಳ್ಳದ್ದೇ ತಪ್ಪು ಎಂದಂತೆ.

ಮೃತರಿಗಾಗಿ ಚರ್ಚಿನಲ್ಲಿ ಪೂಜೆ ಬರೆಸುವವರಿಗೆ: ಈಸ್ಟರಿಗೆ ಮುಂಚಿನ ತಪಸ್ಸುಕಾಲ ಶುರುವಾಗುವ ವಿಭೂತಿ ಬುಧವಾರ ಫೆಬ್ರವರಿ 18ಕ್ಕೆ. ವರ್ಷದ ಪೂಜೆಯ ದಿನ ಅಂದೇ ಬಿದ್ದರೆ, ತಪಸ್ಸುಕಾಲದ ಭಾನುವಾರವಾದರೆ ಅಥವಾ ಮಾರ್ಚ್ 19ಕ್ಕೆ ಬಂದರೆ, ಮೃತರಿಗೆಂದೇ ಇರುವ ಪ್ರಾರ್ಥನೆ, ವಾಚನಗಳನ್ನು ಬಳಸುವಂತಿಲ್ಲ. ಆ ದಿನದ ಪೂಜೆಯೇ ನಡೆಯುತ್ತದೆ. ಆದರೂ ಮೃತರ ಉದ್ದೇಶಕ್ಕಾಗಿ ಅದನ್ನು ಅರ್ಪಿಸಬಹುದು. ಮೃತರ ಪೂಜೆಯೇ ಆಗಬೇಕೆಂದಿದ್ದರೆ ಭಾನುವಾರವಲ್ಲದ ಹತ್ತಿರದ ಇನ್ನೊಂದು ದಿನವನ್ನು ಫಾದರ್ ಹತ್ತಿರ ಮೊದಲೇ ಕೇಳಿಟ್ಟುಕೊಳ್ಳಿ.